ನೋವಿನ ಸಾಕ್ಷ್ಯ: ಹಿಲರಿ ಮ್ಯಾಂಟೆಲ್ ಅವರ ಆತ್ಮಕಥನವನ್ನು ಕುರಿತು

ಚರಿತ್ರೆಯ ವಿದ್ಯಾರ್ಥಿಗೆ ಮೊದಲು ಕಲಿಸತಕ್ಕ ಪಾಠವೆಂದರೆ ಆಕರಗಳ ಪರೀಕ್ಷೆ. ಶಾಸನವಾಗಲಿ, ಸರ್ಕಾರಿ ದಫ್ತರವಾಗಲಿ, ಪ್ರವಾಸಿಯ ಬರಹವಾಗಲಿ, ಅದನ್ನು ಬರೆದವರು ಯಾರು, ಅವರು ಕಣ್ಣಾರೆ ಕಂಡದ್ದೆಷ್ಟು, ಕೇಳಿ ಬರೆದದ್ದೆಷ್ಟು, ಅವರ ಮಾತಿಗೆ ಬೇರೆಡೆಯಿಂದ ಸಮರ್ಥನೆ ಉಂಟೆ ಎಂಬ ಪ್ರಶ್ನೆಗಳನ್ನು ಕೇಳದೆ ನಾವು ಮುಂದಕ್ಕೆ ಹೋಗುವುದಿಲ್ಲ. ಆದರೆ ಸಾಕ್ಷಿ ಒಬ್ಬರೇ ಆಗಿದ್ದು, ಸಾಕ್ಷ್ಯದ ವಿಷಯ ಆ ಒಬ್ಬರ ದೇಹದೊಳಗೆ ಮಾತ್ರ ನಡೆಯುವ ಸಂಗತಿಯಾಗಿದ್ದರೆ ಈ ಪ್ರಶ್ನೆಗಳ ಗತಿಯೇನು? ನೋವು ಅಂತಹ ಒಂದು ಸಂಗತಿ. ಇಂಗ್ಲೆಂಡಿನ ಕಾದಂಬರಿಕಾರ್ತಿ ಹಿಲರಿ ಮ್ಯಾಂಟೆಲ್ ಅವರು ೨೦೦೩ರಲ್ಲಿ ಪ್ರಕಟಿಸಿದ ‘ಗಿವಿಂಗ್ ಅಪ್ ದ ಘೋಸ್ಟ್’ ಎಂಬ ಆತ್ಮಕಥನ ಈ ಪ್ರಶ್ನೆಯನ್ನು ನಮ್ಮ ಮುಂದೆ ನೇರವಾಗಿ ಇಡುತ್ತದೆ. ಚರಿತ್ರೆಯ ವಿಭಾಗದ ಸಂಚಿಕೆಯಲ್ಲಿ ಒಬ್ಬ ಕಾದಂಬರಿಕಾರ್ತಿಯ ಅನಾರೋಗ್ಯದ ಕಥೆಯನ್ನು ವಿಮರ್ಶಿಸಲು ಹೊರಟಿರುವುದಕ್ಕೆ ಇದೇ ನಮ್ಮ ಸಮಾಧಾನ.

ಮ್ಯಾಂಟೆಲ್ ಅವರು ೧೯೫೨ರಲ್ಲಿ ಡರ್ಬಿಷೈರಿನಲ್ಲಿ ಐರಿಷ್ ಮೂಲದ ಕ್ಯಾಥೊಲಿಕ್ ಕುಟುಂಬವೊಂದರಲ್ಲಿ ಹುಟ್ಟಿದರು, ೨೦೨೨ರಲ್ಲಿ ತೀರಿಕೊಂಡರು. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನನ್ನು ಕುರಿತ ಅವರ ಕಾದಂಬರಿಗಳಿಗೆ ೨೦೦೯ರಲ್ಲಿಯೂ ೨೦೧೨ರಲ್ಲಿಯೂ ಬುಕರ್ ಬಹುಮಾನ ಬಂದುದು ವಾಚಕರಿಗೆ ತಿಳಿದ ವಿಷಯ. ಪ್ರಕೃತ ಗ್ರಂಥ ಆ ಕೀರ್ತಿಗೆ ಹಿಂದಿನದು. ಹೆಸರಿನ ನುಡಿಗಟ್ಟಿಗೆ ಇಂಗ್ಲಿಷಿನಲ್ಲಿ ಪ್ರಾಣ ಬಿಡುವುದೆಂದೂ ಆಸೆ ಬಿಟ್ಟು ಕೈಚೆಲ್ಲುವುದೆಂದೂ ಅರ್ಥ. ಅಕ್ಷರಶಃ ನೋಡಿದರೆ ಪ್ರೇತವನ್ನು ಬಿಟ್ಟುಕೊಡುವುದು. ತೀರಿಹೋದ ಮಲತಂದೆಯ ನೆರಳು, ಹುಟ್ಟದೆ ಉಳಿದ ಮಕ್ಕಳ ನೆರಳು, ಬೇರೆ ಬಗೆಯಾಗಿ ಬಾಳಬಹುದಾಗಿದ್ದ ತಮ್ಮದೇ ನೆರಳು, ಇವು ಈ ಗ್ರಂಥದ ಪ್ರೇತಗಳು.

ಇವುಗಳ ಹಿಂದಿರುವ ರೋಗದ ಹೆಸರು ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯಗಳ ಮೇಲೆ, ಕಿಬ್ಬೊಟ್ಟೆಯ ಪೊರೆಯ ಮೇಲೆ, ಕೆಲವು ವೇಳೆ ಕರುಳು ಮೂತ್ರಕೋಶಗಳ ಮೇಲೆ ಬೆಳೆಯುವುದೇ ಈ ರೋಗ. ಆ ಎಡೆಗಳಲ್ಲಿ ಉರಿಯೂತವುಂಟಾಗಿ, ಗಾಯದ ಕಲೆ ಕಟ್ಟಿ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದುಂಟು. ಮುಟ್ಟಿನ ದಿನಗಳಲ್ಲಿ ಸಹಿಸಲಾಗದ ನೋವು, ದಣಿವು, ಹಲವರಲ್ಲಿ ಗರ್ಭ ನಿಲ್ಲದಿರುವುದು ಇದರ ಲಕ್ಷಣಗಳು. ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ ಅವರು ಮುಟ್ಟಿನ ರಕ್ತ ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹರಿಯುವುದೇ ಇದಕ್ಕೆ ಕಾರಣವೆಂದು ೧೯೨೭ರಲ್ಲಿ ವಾದಿಸಿದರು. ಆ ವಾದ ಇಂದಿಗೂ ಉಳಿದಿದೆಯಾದರೂ ಅದೊಂದರಿಂದಲೇ ಎಲ್ಲವೂ ವಿವರಿಸಲ್ಪಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೧೦ ಮಂದಿಗೆ, ಎಂದರೆ ಲೋಕದಲ್ಲಿ ಸುಮಾರು ೧೯ ಕೋಟಿ ಜನಕ್ಕೆ, ಈ ರೋಗವಿದೆ. ಶಮನಮಾಡುವ ಔಷಧಗಳೂ ಶಸ್ತ್ರಚಿಕಿತ್ಸೆಯೂ ಇವೆ; ಬೇರುಸಹಿತ ತೆಗೆದುಹಾಕುವ ಚಿಕಿತ್ಸೆ ಇಲ್ಲ. ಆದ್ದರಿಂದ ಈ ರೋಗವುಳ್ಳವರ ಪಾಲಿಗೆ ‘ಗುಣವಾಗುವುದು ಹೇಗೆ’ ಎಂಬ ಪ್ರಶ್ನೆಗಿಂತ ‘ಇದರೊಡನೆ ಚೆನ್ನಾಗಿ ಬಾಳುವುದು ಹೇಗೆ’ ಎಂಬ ಪ್ರಶ್ನೆಯೇ ದೊಡ್ಡದು.

ಗ್ರಂಥದ ಆರು ಭಾಗಗಳಲ್ಲಿ ಐದನೆಯದಕ್ಕೆ ಲೇಖಕಿ ‘ಷೋ ಯುವರ್ ವರ್ಕಿಂಗ್ಸ್’ ಎಂದು ಹೆಸರಿಟ್ಟಿದ್ದಾರೆ. ಲೆಕ್ಕದ ಪರೀಕ್ಷೆಯಲ್ಲಿ ಉತ್ತರ ಬರೆದರಷ್ಟೇ ಸಾಲದು, ಬಿಡಿಸಿದ ಕ್ರಮವನ್ನೂ ತೋರಿಸಬೇಕು ಎಂಬ ಸೂಚನೆಯದು. ಈ ಭಾಗದಲ್ಲಿ ಅವರು ವೈದ್ಯರ ತೀರ್ಮಾನಗಳನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ತೋರಿಸುತ್ತಾರೆ. ಕಾನೂನು ಓದುತ್ತಿದ್ದ ವಿದ್ಯಾರ್ಥಿನಿ ನೋವೆಂದು ವೈದ್ಯರ ಬಳಿಗೆ ಹೋಗುತ್ತಾಳೆ. ಮೊದಲು ಖಿನ್ನತೆಯ ಮದ್ದು ದೊರೆಯುತ್ತದೆ. ಅದರಿಂದ ಫಲ ಕಾಣದಿರಲು ಮಾನಸಿಕ ವೈದ್ಯರ ಬಳಿಗೆ ಕಳುಹಿಸುತ್ತಾರೆ. ಹೆಣ್ಣಿಗೆ ಮೀರಿದ ಮಹತ್ವಾಕಾಂಕ್ಷೆಯೇ ಈಕೆಯ ಕಾಯಿಲೆಯೆಂದು ಅವರ ತೀರ್ಮಾನ. ಉಡುಪಿನ ಅಂಗಡಿಯಲ್ಲಿ ಕೆಲಸ ಹಿಡಿದರೆ ಒಳ್ಳೆಯದು, ಬರೆಯುವುದನ್ನು ನಿಲ್ಲಿಸಬೇಕು ಎಂಬಂತಹ ಸಲಹೆಗಳೂ ಬರುತ್ತವೆ. ತೀವ್ರ ಮನೋರೋಗಕ್ಕೆ ಕೊಡುವ ಮದ್ದುಗಳನ್ನು ಕೊಡುತ್ತಾರೆ. ಅವುಗಳ ದುಷ್ಪರಿಣಾಮವಾಗಿ ಒಂದೆಡೆ ಕೂರಲಾಗದ, ನಿಲ್ಲಲಾಗದ ಭಯಂಕರ ಚಡಪಡಿಕೆ ಅಂಟಿಕೊಳ್ಳುತ್ತದೆ. ಆ ಚಡಪಡಿಕೆಯನ್ನು ಕಂಡವರಿಗೆ ಈಕೆಯ ಮನಸ್ಸು ಕೆಟ್ಟಿದೆಯೆಂಬುದು ಮತ್ತಷ್ಟು ದೃಢವಾಗುತ್ತದೆ.

ಇಲ್ಲಿ ನಾವು ಸ್ವಲ್ಪ ನಿಂತು ನೋಡಬೇಕು. ಸಿದ್ಧಾಂತವೊಂದನ್ನು ಮೊದಲೇ ಹಿಡಿದು, ಆ ಸಿದ್ಧಾಂತದಿಂದಲೇ ಹುಟ್ಟಿದ ಪರಿಣಾಮವನ್ನು ಅದಕ್ಕೆ ಆಧಾರವೆಂದು ಎತ್ತಿಕೊಳ್ಳುವ ದೋಷ ನಮ್ಮ ಶಾಸ್ತ್ರಕ್ಕೆ ಅಪರಿಚಿತವಾದುದಲ್ಲ. ತರ್ಕದಲ್ಲಿ ಇದನ್ನು ಅನ್ಯೋನ್ಯಾಶ್ರಯವೆಂದು ಕರೆದಿದ್ದಾರೆ. ರೋಗಿಯ ಮಾತನ್ನು ಲಕ್ಷಣವೆಂದು ಬಗೆದ ಮೇಲೆ ಆಕೆ ಏನು ಹೇಳಿದರೂ ಅದು ಲಕ್ಷಣಗಳ ಪಟ್ಟಿಗೇ ಸೇರುತ್ತದೆ: ಪ್ರತಿಭಟಿಸಿದರೆ ಉನ್ಮಾದ, ಸುಮ್ಮನಿದ್ದರೆ ಖಿನ್ನತೆ. ಸಾಕ್ಷಿಯನ್ನೇ ಆಪಾದಿತಳನ್ನಾಗಿ ಮಾಡಿದ ನ್ಯಾಯಸ್ಥಾನದಂತೆ ಇದು.

ಮಹತ್ವಾಕಾಂಕ್ಷೆಯ ಮಾತನ್ನು ಒಬ್ಬ ವೈದ್ಯರ ವೈಯಕ್ತಿಕ ವಿಚಾರವೆಂದು ತಳ್ಳಿಬಿಡಲಾಗದು. ೧೯೪೦ರ ದಶಕದಲ್ಲಿ ಬೋಸ್ಟನ್ನಿನ ಮೇಗ್ಸ್ ಮೊದಲಾದ ವೈದ್ಯರು, ಅನುಕೂಲಸ್ಥ ಮನೆತನಗಳ ಸ್ತ್ರೀಯರು ಮದುವೆಯನ್ನೂ ಹೆರಿಗೆಯನ್ನೂ ಮುಂದಕ್ಕೆ ಹಾಕುವುದರಿಂದ ಎಂಡೋಮೆಟ್ರಿಯೋಸಿಸ್ ಹೆಚ್ಚುತ್ತಿದೆಯೆಂದು ವಾದಿಸಿದ್ದರು. ಮುಂದೆ ಅದಕ್ಕೆ ಉದ್ಯೋಗಸ್ಥ ಹೆಣ್ಣಿನ ರೋಗವೆಂಬ ಹೆಸರೂ ನಿಂತಿತು. ವೈದ್ಯರ ಬಳಿಗೆ ಹಣ ಕೊಟ್ಟು ಬರಬಲ್ಲವರನ್ನು ಮಾತ್ರ ಎಣಿಸಿ ಈ ನಿರ್ಣಯಕ್ಕೆ ಬಂದುದು ಇದರ ದೋಷ. ೧೯೭೬ರಲ್ಲಿ ಷಿಕಾಗೊ ನಗರದ ವೈದ್ಯ ಡೊನಾಲ್ಡ್ ಚ್ಯಾಟ್‌ಮನ್ ಅವರು, ಸೋಂಕಿನಿಂದಾದ ಕಿಬ್ಬೊಟ್ಟೆಯ ಉರಿಯೂತವೆಂದು ಹಣೆಪಟ್ಟಿ ಹಚ್ಚಿದ್ದ ಕಪ್ಪು ಸ್ತ್ರೀಯರಲ್ಲಿ ಸುಮಾರು ಐದರಲ್ಲೊಂದು ಪಾಲು ಮಂದಿಗೆ ಇದ್ದುದು ಎಂಡೋಮೆಟ್ರಿಯೋಸಿಸ್ ಎಂದು ತೋರಿಸಿದರು. ಒಬ್ಬಳ ನೋವನ್ನು ಅವಳ ಆಕಾಂಕ್ಷೆಗೂ ಇನ್ನೊಬ್ಬಳ ನೋವನ್ನು ಅವಳ ನಡತೆಗೂ ಅಂಟಿಸಿದ್ದರೆಂದಾಯಿತು. ಉಳಿದುಬಂದ ದಾಖಲೆಯನ್ನೇ ಇಡೀ ಸಮಾಜವೆಂದು ಭ್ರಮಿಸಬಾರದೆಂದು ತರಗತಿಯಲ್ಲಿ ಹೇಳುವ ನಮಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಮುಂದಿನ ಸಂಗತಿಗಳು ಪ್ರಸಿದ್ಧವಾಗಿವೆ. ೧೯೭೭ರಲ್ಲಿ ಭೂವಿಜ್ಞಾನಿಯಾದ ಪತಿಯೊಡನೆ ಬೋಟ್ಸ್ವಾನಕ್ಕೆ ಹೋದ ಲೇಖಕಿ ಅಲ್ಲಿ ವೈದ್ಯಗ್ರಂಥವೊಂದನ್ನು ತಾವೇ ಓದಿ ತಮ್ಮ ರೋಗವನ್ನು ಗುರುತಿಸಿಕೊಂಡರು. ೧೯೭೯ರ ಕೊನೆಯಲ್ಲಿ ಲಂಡನ್ನಿನಲ್ಲಿ ನಡೆದ ಶಸ್ತ್ರಚಿಕಿತ್ಸೆಯಲ್ಲಿ ಅವರ ಊಹೆ ನಿಜವೆಂದು ತಿಳಿಯಿತು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಗರ್ಭಕೋಶವನ್ನೂ ಅಂಡಾಶಯಗಳನ್ನೂ ಕಳೆದುಕೊಂಡರು. ಆದರೂ ರೋಗ ಅಳಿಯಲಿಲ್ಲ. ನೋವು ಮರಳಿ ಬಂದಿತು. ಮದ್ದುಗಳ ಫಲವಾಗಿ ದೇಹ ಗುರುತು ಸಿಗದಷ್ಟು ಸ್ಥೂಲವಾಯಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಈ ಗ್ರಂಥ ಏಕಪಕ್ಷೀಯವಾದುದು. ವೈದ್ಯರ ಟಿಪ್ಪಣಿಗಳನ್ನು ನಾವು ಕಂಡಿಲ್ಲ. ಮೂವತ್ತು ವರ್ಷಗಳ ಮೇಲೆ ನೆನಪಿನಿಂದ ಬರೆದ ಮಾತುಕತೆಗಳನ್ನು ಇದ್ದಂತೆಯೇ ನಂಬುವುದು ಚರಿತ್ರಕಾರನಿಗೆ ಉಚಿತವೆ? ಆಕ್ಷೇಪ ನ್ಯಾಯವಾದುದೇ. ವೈದ್ಯರು ಆಡಿದ ಪದಗಳು ಇವೇ ಎಂದು ನಾವು ಪಟ್ಟುಹಿಡಿಯುವುದಿಲ್ಲ. ಆದರೆ ಮುಖ್ಯ ವಿಷಯಕ್ಕೆ ಶಸ್ತ್ರಚಿಕಿತ್ಸೆಯೇ ಸ್ವತಂತ್ರ ಸಮರ್ಥನೆಯಾಗಿದೆ. ಇದಕ್ಕಿಂತಲೂ ಕಠಿನವಾದ ಪ್ರಶ್ನೆ ಬೇರೊಂದಿದೆ. ಶಸ್ತ್ರಚಿಕಿತ್ಸೆಯಲ್ಲಿ ಏನೂ ಕಾಣದೆ ಹೋಗಿದ್ದರೆ ಆಕೆಯ ನೋವು ಸುಳ್ಳಾಗುತ್ತಿತ್ತೆ?

ಸುಳ್ಳಾಗುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ. ರೋಗಿಯ ಹೇಳಿಕೆಯಲ್ಲಿ ಎರಡು ಅಂಶಗಳಿರುತ್ತವೆ: ನೋವಿದೆ ಎಂಬುದು ಒಂದು, ಅದರ ಕಾರಣ ಇಂತಹುದು ಎಂಬುದು ಇನ್ನೊಂದು. ಎರಡನೆಯದು ಊಹೆ, ಅದಕ್ಕೆ ಬೇರೆ ಆಧಾರ ಬೇಕು, ಅದನ್ನು ಸಂಶಯಿಸುವುದು ವೈದ್ಯರ ಧರ್ಮ. ಮೊದಲನೆಯದಕ್ಕೆ ರೋಗಿಯೇ ಮೂಲ ಆಕರ. ಅದಕ್ಕೆ ಮೇಲಾದ ಆಕರ ಇನ್ನೊಂದಿಲ್ಲ. ಕಾರಣ ಸಿಗಲಿಲ್ಲವೆಂದು ನೋವನ್ನೇ ಅಲ್ಲಗಳೆಯುವುದು, ಅರಮನೆಯ ತಳಪಾಯ ಅಗೆತದಲ್ಲಿ ಸಿಗಲಿಲ್ಲವೆಂದು ಅರಸನೇ ಇರಲಿಲ್ಲವೆಂದು ಸಾಧಿಸಿದಂತೆ. ವೈದ್ಯಶಾಸ್ತ್ರವೂ ನಿಧಾನವಾಗಿ ಈ ಕಡೆಗೆ ಬಂದಿದೆ. ಬ್ರಿಟನ್ನಿನಲ್ಲಿ ೨೦೧೭ರಲ್ಲಿ ಹೊರಟ ಅಧಿಕೃತ ಮಾರ್ಗಸೂಚಿಯಲ್ಲಿ, ದೇಹಪರೀಕ್ಷೆಯಲ್ಲಾಗಲಿ ಸ್ಕ್ಯಾನಿಂಗಿನಲ್ಲಾಗಲಿ ಏನೂ ಕಾಣಲಿಲ್ಲವೆಂಬ ಕಾರಣದಿಂದ ಎಂಡೋಮೆಟ್ರಿಯೋಸಿಸ್ ಇಲ್ಲವೆಂದು ನಿರ್ಧರಿಸಕೂಡದೆಂದು ವಿಧಿಸಲಾಗಿದೆ. ಆದರೂ ೨೦೨೦ರಲ್ಲಿ ಅಲ್ಲಿನ ಪಾರ್ಲಿಮೆಂಟಿನ ಸದಸ್ಯರ ಸಮಿತಿಯೊಂದು ವಿಚಾರಿಸಿದಾಗ, ರೋಗ ಇಂತಹುದೆಂದು ಗೊತ್ತಾಗಲು ಸರಾಸರಿ ೮ ವರ್ಷ ಹಿಡಿಯುತ್ತಿದ್ದುದು ತಿಳಿದುಬಂದಿತು.

ಇನ್ನು ಚೆನ್ನಾಗಿ ಬಾಳುವ ಮಾತು. ಈ ಗ್ರಂಥವನ್ನು ರೋಗವನ್ನು ಗೆದ್ದು ಕೀರ್ತಿಶಿಖರವನ್ನೇರಿದ ಧೀರ ಸ್ತ್ರೀಯ ಕಥೆಯೆಂದು ಓದುವವರಿದ್ದಾರೆ. ನೋವೇ ಆಕೆಯನ್ನು ಲೇಖಕಿಯನ್ನಾಗಿ ಮಾಡಿತೆಂದು ಹೇಳುವವರೂ ಇದ್ದಾರೆ. ಕಾಲಾನುಕ್ರಮವನ್ನು ನೋಡಿದರೆ ಈ ಎರಡು ವಾದಗಳೂ ನಿಲ್ಲುವುದಿಲ್ಲ. ಫ್ರೆಂಚ್ ಕ್ರಾಂತಿಯನ್ನು ಕುರಿತ ಬೃಹತ್ ಕಾದಂಬರಿಯನ್ನು ಅವರು ಆರಂಭಿಸಿದ್ದು ೧೯೭೪ರಲ್ಲಿ, ಮುಗಿಸಿದ್ದು ೧೯೭೯ರಲ್ಲಿ. ಎಂದರೆ ರೋಗಕ್ಕೆ ಹೆಸರು ಸಿಗುವ ಮೊದಲೇ, ಬರೆಯಬಾರದೆಂಬ ಸಲಹೆಯ ನಂತರವೇ. ಆಗ ಅದನ್ನು ಪ್ರಕಾಶಕರು ಹಿಂದಿರುಗಿಸಿದರು. ‘ಎ ಪ್ಲೇಸ್ ಆಫ್ ಗ್ರೇಟರ್ ಸೇಫ್ಟಿ’ ಎಂಬ ಹೆಸರಿನಿಂದ ಅದು ಹೊರಬಂದದ್ದು ೧೯೯೨ರಲ್ಲಿ. ನೋವು ಬರಹಕ್ಕೆ ಮೂಲವಾಗಲಿಲ್ಲ, ಬರಹ ನೋವಿಗೆ ಮದ್ದಾಗಲಿಲ್ಲ. ಎರಡೂ ಒಂದೇ ಮನೆಯಲ್ಲಿ ಇದ್ದುವು ಅಷ್ಟೆ. ಬಹುಮಾನವನ್ನು ನಷ್ಟಕ್ಕೆ ಪರಿಹಾರವೆಂದು ಎಣಿಸುವವರು ‘ಆಫ್ಟರ್‌ಲೈಫ್’ ಎಂಬ ಕೊನೆಯ ಭಾಗವನ್ನು ಮತ್ತೊಮ್ಮೆ ಓದಬೇಕು. ಹುಟ್ಟದ ಮಗಳಿಗಾಗಿ ಇರಿಸಿಕೊಂಡಿದ್ದ ಹೆಸರು ಅಲ್ಲಿ ಲೆಕ್ಕ ತೀರದೆ ಹಾಗೆಯೇ ಉಳಿಯುತ್ತದೆ.

ಹಾಗಾದರೆ ಈ ಗ್ರಂಥದ ಪ್ರಕಾರ ಚೆನ್ನಾಗಿ ಬಾಳುವುದೆಂದರೇನು? ಲೇಖಕಿ ಇದಕ್ಕೆ ಸೂತ್ರವನ್ನು ಕಟ್ಟಿಕೊಡುವುದಿಲ್ಲ. ಆದರೆ ಓದಿ ಮುಗಿಸಿದಾಗ ಮೂರು ಸಂಗತಿಗಳು ನಮ್ಮ ಮನಸ್ಸಿನಲ್ಲಿ ನಿಲ್ಲುತ್ತವೆ. ಮೊದಲನೆಯದು, ರೋಗಕ್ಕೆ ಅದರ ನಿಜವಾದ ಹೆಸರನ್ನು ತಿಳಿಯುವುದು. ಹೆಸರು ನೋವನ್ನು ಕಡಮೆಮಾಡದಿದ್ದರೂ ತಾನು ಹುಚ್ಚಳೇನೋ ಎಂಬ ಭಯದಿಂದ ಬಿಡಿಸುತ್ತದೆ. ಎರಡನೆಯದು, ಕೆಲಸವನ್ನು ದೇಹದ ಅಳತೆಗೆ ಹೊಂದಿಸಿಕೊಳ್ಳುವುದು. ನೋವು ಬಿಟ್ಟ ಹೊತ್ತನ್ನು ಬಳಸಿಕೊಂಡು, ಬಿಡದ ಹೊತ್ತಿಗಾಗಿ ತನ್ನನ್ನು ಹಳಿದುಕೊಳ್ಳದಿರುವುದು. ಮೂರನೆಯದು, ಕಳೆದುಕೊಂಡದ್ದನ್ನು ಕಳೆದುಕೊಂಡೆನೆಂದೇ ಹೇಳುವುದು. ಧೈರ್ಯದ ಮುಖವಾಡವನ್ನು ತೊಡಿಸಿ ದುಃಖವನ್ನು ಮರೆಸುವ ಪುಸ್ತಕಗಳಿಗಿಂತ ಇದು ಹೆಚ್ಚು ನೆಮ್ಮದಿ ಕೊಡುವುದೆಂದು ನಮಗೆ ತೋರುತ್ತದೆ.

ಗ್ರಂಥದಲ್ಲಿ ಕೊರತೆಗಳೂ ಇಲ್ಲದಿಲ್ಲ. ಬಾಲ್ಯಕ್ಕೆ ದೊರೆತ ವಿಸ್ತಾರ ಶಸ್ತ್ರಚಿಕಿತ್ಸೆಯ ಅನಂತರದ ವರ್ಷಗಳಿಗೆ ದೊರೆತಿಲ್ಲ. ದೀರ್ಘರೋಗಿಯ ಬಾಳಿನಲ್ಲಿ ಮುಖ್ಯವಾದುದು ಆ ಸುದೀರ್ಘವಾದ, ಘಟನೆಗಳಿಲ್ಲದ ಕಾಲವೇ ಆದುದರಿಂದ ಇದು ಸಣ್ಣ ಕೊರತೆಯಲ್ಲ. ಪತಿ ಏನನ್ನು ಹೊತ್ತರು, ಸಂಸಾರದ ಆದಾಯ ಹೇಗೆ ಒದಗಿತು ಎಂಬುದರ ವಿವರವೂ ಕಡಮೆ. ವೈದ್ಯಗ್ರಂಥವನ್ನು ತೆರೆದು ಓದಿ ತನ್ನ ರೋಗವನ್ನು ಗುರುತಿಸಬಲ್ಲ ವಿದ್ಯೆ ಎಷ್ಟು ಮಂದಿ ಸ್ತ್ರೀಯರಿಗಿದೆ? ಷಿಕಾಗೊವಿನ ಆ ರೋಗಿಗಳ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿದ ಗ್ರಂಥವೊಂದು ಇದರ ಪಕ್ಕದಲ್ಲಿದ್ದರೆ ಚಿತ್ರ ಪೂರ್ಣವಾಗುತ್ತಿತ್ತು. ಇದು ಲೇಖಕಿಯ ಮೇಲಿನ ದೂರಲ್ಲ. ಒಬ್ಬರ ಆತ್ಮಕಥನವನ್ನು ಎಲ್ಲರ ಚರಿತ್ರೆಯೆಂದು ಓದಬಾರದೆಂಬ ಎಚ್ಚರಿಕೆ.

ನಮ್ಮ ಬೋಧನೆಗೂ ಇದರಿಂದ ಬರುವ ಪಾಠವೊಂದುಂಟು. ಟ್ಯೂಡರ್ ಕಾಲವನ್ನು ಕಲಿಸುವಾಗ, ಅರಗಾನಿನ ಕ್ಯಾಥರೀನಳಿಗೆ ಗಂಡುಸಂತಾನ ಉಳಿಯಲಿಲ್ಲ, ಆದಕಾರಣ ಹೆನ್ರಿ ರೋಮಿನೊಡನೆ ಸಂಬಂಧ ಕಡಿದುಕೊಂಡನು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತೇವೆ. ಹಲವು ಬಾರಿ ಬಸಿರಾದ ಆ ರಾಣಿಯ ಮಕ್ಕಳಲ್ಲಿ ಬೆಳೆದು ದೊಡ್ಡವಳಾದವಳು ೧೫೧೬ರಲ್ಲಿ ಹುಟ್ಟಿದ ಮೇರಿ ಒಬ್ಬಳೇ. ರಾಜವಂಶಕ್ಕೆ ಏನಾಯಿತೆಂಬುದನ್ನು ದಾಖಲೆಗಳು ಹೇಳುತ್ತವೆ, ಆಕೆಯ ದೇಹಕ್ಕೆ ಏನಾಯಿತೆಂಬುದನ್ನು ಹೇಳುವುದಿಲ್ಲ. ಅರಮನೆಯ ರಾಣಿಯ ಗತಿಯೇ ಹೀಗಿದ್ದ ಮೇಲೆ ಉಳಿದವರ ಮಾತೇನು?

ನಮ್ಮ ಭಾಷೆಯಲ್ಲಿಯೂ ಈ ಮೌನ ಇದೆ. ಮುಟ್ಟಿನ ನೋವಿನಿಂದ ತರಗತಿಗೆ ಬಾರದ ವಿದ್ಯಾರ್ಥಿನಿ ರಜೆಯ ಅರ್ಜಿಯಲ್ಲಿ ಬರೆಯುವುದು ‘ಹೊಟ್ಟೆನೋವು’ ಎಂದು. ಆ ಒಂದು ಪದ ಅಜೀರ್ಣವನ್ನೂ ಎಂಡೋಮೆಟ್ರಿಯೋಸಿಸನ್ನೂ ಒಂದೇ ಮುಸುಕಿನಡಿ ಇಡುತ್ತದೆ. ತಿಂಗಳಿಗೊಮ್ಮೆ ಅದೇ ಅರ್ಜಿ ಬಂದಾಗ ಅಧ್ಯಾಪಕರು ಅದನ್ನು ನೆಪವೆಂದೂ ಓದಬಹುದು, ಸಾಕ್ಷ್ಯವೆಂದೂ ಓದಬಹುದು. ಕಾರಣವನ್ನು ವೈದ್ಯರು ಹುಡುಕಲಿ. ನೋವಿದೆಯೆಂಬ ಹೇಳಿಕೆಯನ್ನು ಒಪ್ಪಿಕೊಂಡು, ಆಕೆಯನ್ನು ವೈದ್ಯರವರೆಗೆ ತಲುಪಿಸುವುದು ನಮ್ಮಿಂದಾಗುವ ಕೆಲಸ. ಆಕರಗಳನ್ನು ಪರೀಕ್ಷಿಸುವುದನ್ನು ವೃತ್ತಿಯನ್ನಾಗಿ ಮಾಡಿಕೊಂಡವರು ಈ ಗ್ರಂಥವನ್ನು ಓದತಕ್ಕದ್ದು, ತಮ್ಮ ವಿದ್ಯಾರ್ಥಿಗಳಿಗೆ ಓದಿಸತಕ್ಕದ್ದು.