ನಿಯಮ ಸಿಕ್ಕಿತು, ಕಾರಣ ಸಿಗಲಿಲ್ಲ

ಧಾರವಾಡದಲ್ಲಾಗಲಿ, ಬೆಂಗಳೂರಿನ ವಿಜಯನಗರದಲ್ಲಾಗಲಿ, ಕೋಚಿಂಗ್ ಸೆಂಟರುಗಳ ಆಸುಪಾಸಿನ ಪುಸ್ತಕದಂಗಡಿಗೆ ಕಾಲಿಟ್ಟರೆ ಸ್ಪರ್ಧಾತ್ಮಕ ಪರೀಕ್ಷೆಗಳ ಇಂಗ್ಲಿಷ್ ಗೈಡುಗಳ ರಾಶಿಯೇ ಕಾಣುತ್ತದೆ. ಎಲ್ಲದರಲ್ಲೂ ‘ಎರರ್ ಸ್ಪಾಟಿಂಗ್’ ಅಧ್ಯಾಯ ಇದ್ದೇ ಇರುತ್ತದೆ. ವಾಕ್ಯವನ್ನು ತುಂಡು ತುಂಡು ಮಾಡಿ ಕೊಟ್ಟಿರುತ್ತಾರೆ, ತಪ್ಪು ಯಾವ ತುಂಡಿನಲ್ಲಿದೆ ಎಂದು ಹೇಳಬೇಕು. ಕೇಂದ್ರ ಸರ್ಕಾರಿ ನೌಕರಿಗಳ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ 25 ಇಂಗ್ಲಿಷಿನವು. ಸರಿಯುತ್ತರಕ್ಕೆ 2 ಅಂಕ, ತಪ್ಪಿದರೆ ಅರ್ಧ ಅಂಕ ಕಡಿತ. ಎಸ್‌ಎಸ್‌ಸಿಯದೇ ಎಂಟಿಎಸ್ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು, ಆದರೆ ಅಲ್ಲೂ ಇಂಗ್ಲಿಷ್ ವಿಭಾಗ ತಪ್ಪಿದ್ದಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಈ ಗೈಡುಗಳನ್ನೇ ನಂಬಿ ಕೂರುತ್ತಾರೆ. ಆ ನಂಬಿಕೆಗೆ ಗೈಡುಗಳು ನ್ಯಾಯ ಒದಗಿಸುತ್ತಿಲ್ಲ ಎಂಬುದು ನನ್ನ ತಕರಾರು.

ಇವುಗಳಿಗೆಲ್ಲ ಹಿರಿಯಣ್ಣ ‘ರೆನ್ ಅಂಡ್ ಮಾರ್ಟಿನ್’. 1924ರಲ್ಲಿ ‘ಬೋ ಜೆಸ್ಟ್’ ಕಾದಂಬರಿ ಬರೆದು ಹೆಸರಾದ ಪಿ. ಸಿ. ರೆನ್ ಅವರೇ ಈ ವ್ಯಾಕರಣದ ಒಬ್ಬ ಕರ್ತೃ. ಅದರ ಉದಾಹರಣೆಗಳು ಹಳತಾಗಿವೆ, ನಿಜ. ಆದರೆ ವಾಕ್ಯವನ್ನು ಬಿಡಿಸಿ ನೋಡುವುದನ್ನು ಅದು ತಾಳ್ಮೆಯಿಂದ ಕಲಿಸುತ್ತದೆ: ಕರ್ತೃ ಯಾವುದು, ಕ್ರಿಯಾಪದ ಯಾವುದು, ಉಳಿದ ಮಾತು ಯಾವುದಕ್ಕೆ ಅಂಟಿಕೊಂಡಿದೆ. ಇವತ್ತಿನ ಗೈಡುಗಳು ಆ ಭಾಗವನ್ನೇ ಕೈಬಿಟ್ಟು, ಅಪವಾದಗಳನ್ನು ಮಾತ್ರ ಹೆಕ್ಕಿಕೊಂಡು, ‘ಇಷ್ಟು ರೂಲ್ಸ್ ಬಾಯಿಪಾಠ ಮಾಡಿ’ ಎನ್ನುತ್ತವೆ.

ಬಾಯಿಪಾಠ ಎಲ್ಲಿ ಕೈಕೊಡುತ್ತದೆ ನೋಡಿ. ‘ಒನ್ ಆಫ್’ ಬಂದರೆ ಬಹುವಚನ ನಾಮಪದ, ಏಕವಚನ ಕ್ರಿಯಾಪದ ಎಂಬ ನಿಯಮ ಎಲ್ಲರಿಗೂ ಬರುತ್ತದೆ. ‘ಒನ್ ಆಫ್ ಮೈ ಫ್ರೆಂಡ್ಸ್ ಲಿವ್ಸ್ ಇನ್ ಹುಬ್ಬಳ್ಳಿ’ ಎಂಬಲ್ಲಿ ಅದು ಸರಿ. ‘ಶಿ ಈಸ್ ಒನ್ ಆಫ್ ದೋಸ್ ಟೀಚರ್ಸ್ ಹೂ ನೆವರ್ ಶೌಟ್’ ಎಂಬ ವಾಕ್ಯ ಬಂದಾಗ ಅದೇ ನಿಯಮ ನೆನೆದ ಹುಡುಗಿ ‘ಶೌಟ್’ ತಪ್ಪು, ‘ಶೌಟ್ಸ್’ ಆಗಬೇಕು ಎಂದು ಗುರುತು ಹಾಕುತ್ತಾಳೆ. ಸಿಗಬೇಕಾದ 2 ಅಂಕವೂ ಹೋಯಿತು, ಮೇಲೆ ಅರ್ಧ ಅಂಕವೂ ಹೋಯಿತು. ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡಿದ್ದರೆ? ‘ಎಂದೂ ಕೂಗಾಡದ ಟೀಚರುಗಳಲ್ಲಿ ಅವರೂ ಒಬ್ಬರು.’ ಕೂಗಾಡದವರು ಟೀಚರುಗಳು, ಅಂದರೆ ಹಲವರು. ಉತ್ತರ ಅಲ್ಲೇ ಇದೆ. ‘ದ ಪ್ರೈಸ್ ಆಫ್ ದೀಸ್ ಬುಕ್ಸ್ ಆರ್ ಹೈ’ ಎಂಬುದಕ್ಕೂ ಇದೇ ಮದ್ದು: ಹೆಚ್ಚಿರುವುದು ಯಾವುದು? ಬೆಲೆ. ಕರ್ತೃವಿಗೆ ತಕ್ಕ ಕ್ರಿಯಾಪದ ಇಡುವುದು ಕನ್ನಡಿಗರಿಗೆ ಹೊಸದೇನಲ್ಲ. ಕೈಯಲ್ಲಿರುವ ಈ ತಿಳಿವಳಿಕೆಯನ್ನು ಗೈಡುಗಳು ಬಳಸಿಕೊಳ್ಳುವುದೇ ಇಲ್ಲ.

ಕನ್ನಡವೇ ದಾರಿ ತಪ್ಪಿಸುವ ಜಾಗಗಳೂ ಇವೆ. ‘2020ರಿಂದ ಇಲ್ಲಿದ್ದೇನೆ’, ‘ಐದು ವರ್ಷದಿಂದ ಇಲ್ಲಿದ್ದೇನೆ’ ಎರಡಕ್ಕೂ ನಮ್ಮಲ್ಲಿ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಶುರುವಾದ ಹೊತ್ತಿಗೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’. ಜೊತೆಗೆ ನಮ್ಮ ‘ಇದ್ದೇನೆ’ ವರ್ತಮಾನ, ಅವರದು ‘ಹ್ಯಾವ್ ಬೀನ್’. ಆದ್ದರಿಂದಲೇ ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬುದು ನಮ್ಮ ಕಿವಿಗೆ ಸರಿಯಾಗಿಯೇ ಕೇಳುತ್ತದೆ. ಒಂದೇ ವಾಕ್ಯದಲ್ಲಿ ಎರಡು ತಪ್ಪು, ಎರಡಕ್ಕೂ ಬೇರು ನಮ್ಮ ಮಾತಿನಲ್ಲೇ. ಗೈಡಿನಲ್ಲಿ ‘ಸಿನ್ಸ್–ಫಾರ್’ ಪ್ರಿಪೊಸಿಶನ್ ಅಧ್ಯಾಯದಲ್ಲಿ, ‘ಹ್ಯಾವ್ ಬೀನ್’ ಎಷ್ಟೋ ಪುಟ ಆಚೆ ಟೆನ್ಸ್ ಅಧ್ಯಾಯದಲ್ಲಿ. ಇವೆರಡನ್ನೂ ಒಟ್ಟಿಗಿಟ್ಟು ‘ನೀನು ಇಲ್ಲಿ ಎಡವುತ್ತೀಯ, ಏಕೆಂದರೆ...’ ಎಂದು ಒಂದು ಮಾತು ಹೇಳಿದ್ದರೆ ಎಷ್ಟು ಜನಕ್ಕೆ ಉಪಕಾರವಾಗುತ್ತಿತ್ತು! ಆರ್ಟಿಕಲ್‌ಗಳ ಕಥೆಯೂ ಇದೇ. ಕನ್ನಡದಲ್ಲಿ ಇಲ್ಲದ ಸಂಗತಿಯನ್ನು ಒಂದು ಪುಟದ ಪಟ್ಟಿಯಿಂದ ಕಲಿಸಲಾಗದು.

ಇನ್ನು, ಎಲ್ಲ ನಿಯಮಗಳೂ ಒಂದೇ ತೂಕದವಲ್ಲ. 2002ರಲ್ಲಿ ಅಮೆರಿಕದ ಪಿಎಸ್‌ಎಟಿ ಪರೀಕ್ಷೆಯಲ್ಲಿ ಲೇಖಕಿ ಟೋನಿ ಮಾರಿಸನ್ ಅವರ ಪ್ರತಿಭೆಯ ಬಗ್ಗೆ ಒಂದು ವಾಕ್ಯ ಕೊಟ್ಟು ತಪ್ಪು ಹುಡುಕಲು ಕೇಳಿದ್ದರು. ಅಧಿಕೃತ ಉತ್ತರ: ತಪ್ಪಿಲ್ಲ. ಮೇರಿಲ್ಯಾಂಡಿನ ಮೇಷ್ಟ್ರೊಬ್ಬರು ಬಿಡಲಿಲ್ಲ. ವಾಕ್ಯದಲ್ಲಿದ್ದ ‘ಮಾರಿಸನ್ಸ್’ ಎಂಬ ಷಷ್ಠಿ ರೂಪಕ್ಕೆ ‘ಹರ್’ ಎಂಬ ಸರ್ವನಾಮ ಸಲ್ಲದು ಎಂದು ಕೆಲವು ವ್ಯಾಕರಣಗಳು ಹೇಳುತ್ತವೆ ಎಂದು ಪತ್ರ ಬರೆದು ಪಟ್ಟು ಹಿಡಿದರು. ಮರುವರ್ಷ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಆ ಪ್ರಶ್ನೆಯನ್ನೇ ಕೈಬಿಟ್ಟಿತು. ಒಳ್ಳೆಯ ಲೇಖಕರೆಲ್ಲ ದಿನವೂ ಮುರಿಯುವ ಆ ನಿಯಮಕ್ಕೆ ಬುಡವಿಲ್ಲ ಎಂದು ಭಾಷಾವಿಜ್ಞಾನಿಗಳು ಆಮೇಲೂ ವಾದಿಸಿದರು. ಅವರ ವಾದವೇ ಸರಿ ಎಂದು ನನಗನ್ನಿಸುತ್ತದೆ. ಪಂಡಿತರೇ ಒಪ್ಪದ ನಿಯಮದ ಮೇಲೆ ಮಕ್ಕಳ ಅಂಕ ನಿಲ್ಲಬಾರದು. ನಮ್ಮ ಗೈಡುಗಳಲ್ಲಿ ಇವತ್ತಿಗೂ ‘ಶ್ಯಾಲ್–ವಿಲ್’ ಭೇದವನ್ನು ಕಟ್ಟಳೆಯಂತೆ ಅಚ್ಚು ಹಾಕುವುದು ಇದೇ ಜಾತಿಯ ತಪ್ಪು.

ಹೊರಗಿನ ಕೆಲವು ಪರೀಕ್ಷೆಗಳು ಇಂಥ ಪ್ರಶ್ನೆಗಳನ್ನೇ ಬಿಟ್ಟಿವೆ. ಟೋಫೆಲ್ 2005ರಲ್ಲಿ ಇಂಟರ್‌ನೆಟ್ ಆಧಾರಿತ ಐಬಿಟಿಗೆ ಬದಲಾದಾಗ ಪ್ರತ್ಯೇಕ ವ್ಯಾಕರಣ ವಿಭಾಗ ತೆಗೆದು ಮಾತನಾಡುವ ಪರೀಕ್ಷೆ ತಂದಿತು. ಜಿಮ್ಯಾಟ್ 2023ರ ಹೊಸ ಆವೃತ್ತಿಯಲ್ಲಿ ಸೆಂಟೆನ್ಸ್ ಕರೆಕ್ಷನ್ ಕೈಬಿಟ್ಟಿತು. ನಮ್ಮ ನೇಮಕಾತಿ ಪರೀಕ್ಷೆಗಳು ಸದ್ಯಕ್ಕೆ ಅವನ್ನು ಬಿಡುವಂತೆ ಕಾಣುವುದಿಲ್ಲ. ಬಿಡಲೇಬೇಕು ಎಂದೂ ನಾನು ಹೇಳುವುದಿಲ್ಲ. ಕರ್ತೃ–ಕ್ರಿಯಾಪದ ಹೊಂದಾಣಿಕೆಯನ್ನು ಪರೀಕ್ಷಿಸುವುದು ನ್ಯಾಯವೇ.

ಗೈಡು ಕೊಳ್ಳುವ ಮುನ್ನ ಅಂಗಡಿಯಲ್ಲೇ ನಿಂತು ‘ಸಿನ್ಸ್–ಫಾರ್’ ಪುಟ ತೆರೆದು ನೋಡಿ. ಉತ್ತರದ ಕೆಳಗೆ ಕಾರಣ ಬರೆದಿದ್ದರೆ ಕೊಳ್ಳಿ. ಬರೀ ಆಯ್ಕೆಯ ಅಕ್ಷರ ಇದ್ದರೆ ಅಲ್ಲೇ ಇಟ್ಟುಬಿಡಿ.