‘ಸರ್ವರ್ ಡೌನ್’ ಎಂಬ ಮಾತು

ಜನ ತಮ್ಮ ಸರಕಾರವನ್ನು ಎಷ್ಟರಮಟ್ಟಿಗೆ ನಂಬುತ್ತಾರೆಂಬುದನ್ನು ಅಳೆಯಲು ಚುನಾವಣೆಯ ಅಂಕಿಗಳಿಗಿಂತ ಅವರ ಆಡುಮಾತೇ ಮೇಲಾದ ಅಳತೆಗೋಲೆಂದು ನನ್ನ ಭಾವನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕುಗಳ ಆಡುಮಾತಿಗೆ ಈಚಿನ ವರ್ಷಗಳಲ್ಲಿ ಸೇರಿಕೊಂಡು, ಬೇರುಬಿಟ್ಟು, ಗಾದೆಯ ಪದವಿಗೇರಿರುವ ಮಾತೊಂದಿದೆ: ‘ಸರ್ವರ್ ಡೌನ್ ಐತಿ’. ಕಚೇರಿಯ ಕಿಟಕಿಯಲ್ಲಿ ಹುಟ್ಟಿದ ಈ ಮಾತು ಕಿಟಕಿಯನ್ನು ದಾಟಿ ಊರೊಳಗೆ ಬಂದಿದೆ. ಕೈಗಡ ಕೇಳಲು ಬಂದ ಗೆಳೆಯನಿಗೆ ಕೊಡಲೊಲ್ಲದವನೂ ಇದನ್ನೇ ಹೇಳುತ್ತಾನೆ. ಅಂಗಡಿಗೆ ಹೋಗಿ ಬಾ ಎಂದ ತಾಯಿಗೆ ಮಗನೂ ಇದನ್ನೇ ಹೇಳುತ್ತಾನೆ. ‘ಆಗುವುದಿಲ್ಲ, ಏಕೆಂದು ಕೇಳಬೇಡ’ ಎಂಬುದು ಇದರ ಅರ್ಥ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರು ಇಂದು ಇದ್ದಿದ್ದರೆ ಅವರ ತಿಮ್ಮನಿಗೆ ಈ ಮಾತೊಂದೇ ವರ್ಷವಿಡೀ ಸಾಕಾಗುತ್ತಿತ್ತು.

ಕನ್ನಡದ ಅಧ್ಯಾಪಕನಾದ ನನಗೆ ಗಣಕಯಂತ್ರದ ಒಳಗುಟ್ಟುಗಳ ಬಗ್ಗೆ ಮಾತನಾಡುವ ಅಧಿಕಾರವಿಲ್ಲ. ಆದರೆ ಸರಕಾರದ ಮಾತೂ ಮಾತೇ, ಅದರ ನೀತಿಪತ್ರವೂ ಗದ್ಯವೇ. ಆ ಗದ್ಯವನ್ನು ವಿಮರ್ಶಕನ ಕಣ್ಣಿನಿಂದ ಓದುವುದು ನನ್ನ ಕಸುಬಿನ ಮೇರೆಯೊಳಗಿನ ಕೆಲಸ. ದೊಡ್ಡ ಪ್ರಮಾಣದ ಸೈಬರ್ ದಾಳಿ ನಡೆದರೆ ನಮ್ಮ ಸರಕಾರ ಎಷ್ಟು ಸಿದ್ಧವಾಗಿದೆ? ಸಿದ್ಧವಾಗಿದ್ದೇವೆಂದು ಅದು ಹೇಳಿದರೆ ಜನ ಏಕೆ ನಂಬುವುದಿಲ್ಲ? ಇವೆರಡನ್ನೂ ಬೇರೆ ಬೇರೆ ಪ್ರಶ್ನೆಗಳೆಂದು ಬಗೆಯುವುದು ವಾಡಿಕೆ. ನನಗೆ ಇವು ಒಂದೇ ಪ್ರಶ್ನೆಯೆಂದು ತೋರುತ್ತದೆ.

ಈ ಸೀಮೆಗೆ ದಫ್ತರದ ಸಂಗಡ ಹಳೆಯ ಸಂಬಂಧವಿದೆ. ೧೮೦೦ರಿಂದ ೧೮೦೭ರವರೆಗೆ ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಇಲ್ಲಿಯ ಹೊಲಗಳನ್ನು ಅಳೆಯಿಸಿ ರೈತನ ಹೆಸರಿಗೆ ನೇರವಾಗಿ ಲೆಕ್ಕ ಬರೆಯಿಸಿದ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಅರಮನೆ’ ಕಾದಂಬರಿಯಲ್ಲಿ ಅವನೊಂದು ಪಾತ್ರವಾಗಿರುವುದು ವಾಚಕರಿಗೆ ಗೊತ್ತೇ ಇದೆ. ಮನ್ರೋ ಹೋದ ಮೇಲೆ ಲೆಕ್ಕ ಉಳಿದದ್ದು ಶಾನುಭೋಗರ ಕೈಯಲ್ಲಿ. ಬಳ್ಳಾರಿ ಸೀಮೆ ೧೯೫೩ರ ಅಕ್ಟೋಬರ್ ೧ರಂದು ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿತು. ೧೯೬೧ರ ಕಾಯಿದೆ ವಂಶಪಾರಂಪರ್ಯದ ಶಾನುಭೋಗಿಕೆಯನ್ನು ತೊಡೆದುಹಾಕಿತು. ಹರಪನಹಳ್ಳಿಯಂತೂ ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, ೨೦೨೧ರಲ್ಲಿ ಉಳಿದ ನಾಲ್ಕು ತಾಲೂಕುಗಳೊಡನೆ ಹೊಸ ವಿಜಯನಗರ ಜಿಲ್ಲೆಯನ್ನು ಸೇರಿಕೊಂಡಿತು. ಇಷ್ಟೆಲ್ಲ ಆದರೂ ರೈತನ ಒಂದು ಅಭ್ಯಾಸ ಮಾತ್ರ ಬದಲಾಗಲಿಲ್ಲ. ಬರೆದವನನ್ನು ಅವನು ಪೂರ್ತಿ ನಂಬುತ್ತಿರಲಿಲ್ಲ. ಆದ್ದರಿಂದ ಒಂದು ನಕಲನ್ನು ಕೇಳಿ ಪಡೆದು ಪೆಟ್ಟಿಗೆಯಲ್ಲಿಡುತ್ತಿದ್ದ. ಶಾನುಭೋಗ ತಪ್ಪು ಬರೆದರೆ ಆ ಕೈಬರಹವೇ ಸಾಕ್ಷಿಯಾಗುತ್ತಿತ್ತು, ಜಗಳವಾಡಲು ಎದುರಿಗೆ ಒಬ್ಬ ಮನುಷ್ಯನಿರುತ್ತಿದ್ದ.

ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಅದು ದೊಡ್ಡ ಕೆಲಸವೇ ಸರಿ; ಪಹಣಿಗಾಗಿ ಗ್ರಾಮಲೆಕ್ಕಿಗನ ಮನೆಯ ಮುಂದೆ ಕಾಯುವುದು ತಪ್ಪಿತೆಂಬುದನ್ನು ಯಾರೂ ಮರೆಯಬಾರದು. ಕ್ರಮೇಣ ಜಾತಿ ಆದಾಯ ಪತ್ರ, ವಿಧವಾ ವೇತನ, ಪಡಿತರ, ಕ್ರಯಪತ್ರದ ನೋಂದಣಿ ಎಲ್ಲವೂ ಅದೇ ದಾರಿ ಹಿಡಿದವು. ಆದರೆ ಹೀಗೆ ಎಲ್ಲ ದಾರಿಗಳೂ ಒಂದೇ ಸೇತುವೆಯ ಮೇಲೆ ಹಾಯುವಾಗ, ಸೇತುವೆ ಕುಸಿದರೆ ಏನು ಗತಿಯೆಂದು ಕೇಳುವುದು ಪ್ರಗತಿವಿರೋಧವಲ್ಲ, ಸಾಮಾನ್ಯ ವಿವೇಕ.

ಸೇತುವೆ ಕುಸಿದ ಒಂದು ಪ್ರಸಂಗವನ್ನೇ ನೋಡೋಣ. ಆಸ್ತಿ ನೋಂದಣಿಗೆಂದು ೨೦೨೩ರಲ್ಲಿ ಬಳಕೆಗೆ ಬಂದ ‘ಕಾವೇರಿ ೨.೦’ ವ್ಯವಸ್ಥೆ ೨೦೨೪ರ ಡಿಸೆಂಬರಿನಿಂದ ೨೦೨೫ರ ಫೆಬ್ರವರಿಯವರೆಗೆ ಪದೇಪದೇ ಕುಸಿಯಿತು. ದಾಳಿಯ ಬಗೆ ವಿಚಿತ್ರವಾದದ್ದು. ಇಲ್ಲಿ ಯಾರೂ ಬೀಗ ಒಡೆಯಲಿಲ್ಲ. ಕೊಟ್ಟೂರಿನ ತೇರಿನ ದಿನ ಅಂಗಡಿಯೊಂದರ ಬಾಗಿಲಿಗೆ ಸಾವಿರ ಸುಳ್ಳು ಗಿರಾಕಿಗಳನ್ನು ತಂದು ನಿಲ್ಲಿಸಿದರೆ, ನಿಜವಾದ ಗಿರಾಕಿ ಒಳಗೆ ಹೋಗುವುದು ಹೇಗೆ? ಅಂಗಡಿಯ ಮಾಲೇನೋ ಭದ್ರ, ವ್ಯಾಪಾರ ಮಾತ್ರ ಬಂದ್. ಹಾಗೆಯೇ ಸುಳ್ಳು ಖಾತೆಗಳನ್ನು ತೆರೆದು, ಋಣಭಾರ ಪತ್ರ ಬೇಕೆಂಬ ಸುಳ್ಳು ಕೋರಿಕೆಗಳನ್ನು ಮಳೆಗರೆದರು. ಜನವರಿಯ ಒಂದು ದಾಳಿಯಲ್ಲಿ ಎರಡೇ ಗಂಟೆಗಳಲ್ಲಿ ಸುಮಾರು ೬.೨ ಲಕ್ಷ ಕೋರಿಕೆಗಳು ಬಂದುವೆಂದೂ, ಅವು ೧೪ ಐಪಿ ವಿಳಾಸಗಳಿಂದ ಹೊರಟುವೆಂದೂ ಆಮೇಲೆ ವರದಿಯಾಯಿತು. ಫೆಬ್ರವರಿಯಲ್ಲಿ ಪೊಲೀಸರಿಗೆ ದೂರು ಹೋಯಿತು. ಇದು ಬೇಕೆಂದೇ ಮಾಡಿದ ಕೃತ್ಯವೆಂದು ಸರಕಾರ ಹೇಳಿತು.

ಹೇಳಿದ್ದು ನಿಜವಿದ್ದೀತು. ನಿಜವೆಂದೇ ನಾನೂ ತಿಳಿದಿದ್ದೇನೆ. ಆದರೆ ಆ ಸುದ್ದಿ ಬಂದ ದಿನ ನಮ್ಮ ಅಧ್ಯಾಪಕರ ಕೋಣೆಯಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ನಕ್ಕು ಹೇಳಿದ ಮಾತನ್ನು ಗಮನಿಸಬೇಕು: “ಮೊದಲಿಂದ ಡೌನೇ ಇತ್ತಲ್ಲಪ್ಪ, ಈಗ ಅದಕ್ಕೊಂದು ಹೆಸರು ಸಿಕ್ತು.” ಈ ಒಂದು ವಾಕ್ಯದಲ್ಲಿ ಇಡೀ ಸಮಸ್ಯೆ ಅಡಗಿದೆ. ಯಂತ್ರ ಹಳೆಯದಾದರೂ ಸರ್ವರ್ ಡೌನ್, ಕರೆಂಟು ಹೋದರೂ ಸರ್ವರ್ ಡೌನ್, ಗುಮಾಸ್ತ ಊಟಕ್ಕೆ ಹೋದರೂ ಸರ್ವರ್ ಡೌನ್, ಶತ್ರು ದಾಳಿ ಮಾಡಿದರೂ ಸರ್ವರ್ ಡೌನ್. ನಾಲ್ಕು ಬೇರೆ ಬೇರೆ ಸಂಗತಿಗಳಿಗೆ ಒಂದೇ ಹೆಸರಿಟ್ಟವರು, ಐದನೆಯ ಸಲ ಇದು ನಿಜವಾದ ದಾಳಿಯೆಂದು ಕೂಗಿದರೆ ಕೇಳುವವರು ಯಾರು? ತೋಳ ಬಂತು ತೋಳ ಎಂದು ಕೂಗಿದ ಕುರಿ ಕಾಯುವ ಹುಡುಗನ ಕಥೆಯನ್ನು ನಮ್ಮ ಮಕ್ಕಳು ಪ್ರಾಥಮಿಕ ಶಾಲೆಯಲ್ಲೇ ಓದಿರುತ್ತಾರೆ.

ಜನರ ಅಪನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವ ಪಂಡಿತರೂ ಉಂಟು. ಅವರು ಒಂದಿಷ್ಟು ಹಿಂದಕ್ಕೆ ನೋಡಬೇಕು. ೨೦೧೯ರಲ್ಲಿ ರಾಜ್ಯದ ಇ-ಟೆಂಡರ್ ವ್ಯವಸ್ಥೆಗೆ ಕನ್ನ ಹಾಕಿ ೧೧.೫ ಕೋಟಿ ರೂಪಾಯಿಗಳನ್ನು ಸಾಗಿಸಲಾಯಿತು. ಅದರ ಎಳೆಗಳು ಜನರ ಕಣ್ಣಿಗೆ ಬಿದ್ದದ್ದು ೨೦೨೦ರ ಕೊನೆಯಲ್ಲಿ ಬೇರೊಂದು ಪ್ರಕರಣದಲ್ಲಿ ಬಂಧನಗಳಾದ ಮೇಲೆ. ಆಗಲೂ ಅದು ಬಿಟ್‌ಕಾಯಿನ್ ಹಗರಣವೆಂಬ ರಾಜಕೀಯ ಜಗಳವಾಗಿ ಬೆಳೆಯಿತೇ ಹೊರತು, ಬಾಗಿಲು ಹೇಗೆ ತೆರೆದಿತ್ತೆಂಬ ವಿವರಣೆಯಾಗಿ ಅಲ್ಲ. ೨೦೨೩ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡ ಕೆಲವರ ಬ್ಯಾಂಕ್ ಖಾತೆಗಳಿಂದ, ಅವರ ಅರಿವಿಗೆ ಬಾರದೆ, ಬೆರಳಚ್ಚಿನ ಮೂಲಕ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳೇ ಕಳ್ಳರಿಗೆ ಒದಗಿದುವೆಂಬ ಅನುಮಾನ ಬಲವಾಗಿ, ಅವನ್ನು ಮರೆಮಾಡುವ ಕ್ರಮ ಬಂದಿತು. ಹೆಬ್ಬೆಟ್ಟೊತ್ತುವವನಿಗೆ ಸಹಿ ಬದಲಿಸುವ ಸೌಕರ್ಯವೂ ಇಲ್ಲವೆಂಬುದನ್ನು ನೆನೆಯಿರಿ. ಬೆರಳು ಒಂದು ಸಲ ಕಳುವಾದರೆ ಬೇರೆ ಬೆರಳನ್ನು ಎಲ್ಲಿಂದ ತರುವುದು? ಅದೇ ವರ್ಷದ ಜೂನ್ ತಿಂಗಳಲ್ಲಿ, ಗ್ಯಾರಂಟಿ ಯೋಜನೆಗಳ ಅರ್ಜಿಗಳು ಸಿಕ್ಕಿಬಿದ್ದಾಗ, ರಾಜ್ಯದ ಸಚಿವರೊಬ್ಬರು ಕೇಂದ್ರವೇ ಸರ್ವರನ್ನು ಹ್ಯಾಕ್ ಮಾಡಿದೆಯೆಂದು ಆಪಾದಿಸಿದರು. ದಾಳಿಯೆಂಬ ಶಬ್ದವೇ ಹೀಗೆ ರಾಜಕೀಯದ ಬಾಯಿಗೆ ಬಿದ್ದು ಸವೆದ ಮೇಲೆ ಅದರಲ್ಲಿ ತೂಕ ಉಳಿಯುವುದೆಂತು?

ಇನ್ನು ಸರಕಾರದ ಸಿದ್ಧತೆ. ಏನೂ ಇಲ್ಲವೆಂದು ಹೇಳುವುದು ಅನ್ಯಾಯವಾದೀತು. ೨೦೦೪ರಿಂದ ಕೇಂದ್ರದಲ್ಲಿ ಸರ್ಟ್-ಇನ್ ಎಂಬ ಸಂಸ್ಥೆಯಿದೆ. ದಾಳಿ ತಿಳಿದುಬಂದ ಆರು ಗಂಟೆಗಳೊಳಗೆ ತನಗೆ ವರದಿಯಾಗಬೇಕೆಂದು ೨೦೨೨ರಲ್ಲಿ ಅದು ಅಪ್ಪಣೆ ಹೊರಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಸರೆಯಲ್ಲಿ ರಾಜ್ಯದ ಸೈಬರ್ ಭದ್ರತಾ ಕೇಂದ್ರವಿದೆ. ೨೦೨೪ರ ಆಗಸ್ಟಿನಲ್ಲಿ ಕರ್ನಾಟಕ ಸೈಬರ್ ಭದ್ರತಾ ನೀತಿ ಹೊರಬಂದಿತು. ಐದು ವರ್ಷಗಳಿಗೆ ಸುಮಾರು ೧೦೩ ಕೋಟಿ ರೂಪಾಯಿಗಳ ವೆಚ್ಚವನ್ನು ಅಂದಾಜು ಮಾಡಲಾಗಿದೆ.

ಈ ನೀತಿಯ ರಚನೆಯೇ ನನ್ನ ಕುತೂಹಲವನ್ನು ಸೆಳೆದದ್ದು. ಅದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಜಾಗೃತಿ, ಶಿಕ್ಷಣ, ತರಬೇತಿ, ಉದ್ಯಮಗಳ ಪ್ರೋತ್ಸಾಹ ಇವುಗಳನ್ನು ಕುರಿತದ್ದು. ಇದು ಸಾರ್ವಜನಿಕರಿಗೆ ತೆರೆದಿದೆ. ಎರಡನೆಯದು ಸರಕಾರದ ಸ್ವಂತ ಗಣಕವ್ಯವಸ್ಥೆಗಳನ್ನು ಕಾಯುವುದನ್ನು ಕುರಿತದ್ದು. ಇದು ಇಲಾಖೆಗಳ ಒಳಬಳಕೆಗೆ ಮಾತ್ರ. ಎಂದರೆ, ನೀವು ಜಾಗರೂಕರಾಗಿರಿ ಎಂದು ನಮಗೆ ಹೇಳುವ ಭಾಗ ನಮ್ಮ ಕೈಯಲ್ಲಿದೆ; ನಾವು ಹೇಗೆ ಜಾಗರೂಕರಾಗಿದ್ದೇವೆ ಎಂದು ಸರಕಾರ ಹೇಳಿಕೊಳ್ಳುವ ಭಾಗ ನಮ್ಮ ಕೈಯಲ್ಲಿಲ್ಲ. ವಿಮರ್ಶಕನಿಗೆ ಪೂರ್ವಾರ್ಧವನ್ನಷ್ಟೇ ಕೊಟ್ಟು ಕಾವ್ಯವನ್ನು ಮೆಚ್ಚಿಕೊಳ್ಳೆಂದರೆ ಅವನು ಏನು ಮಾಡಿಯಾನು?

ಗುಟ್ಟು ಬೇಡವೆಂದು ನಾನು ಹೇಳುತ್ತಿಲ್ಲ. ಬೀಗದ ಕೀಲಿ ಎಲ್ಲಿದೆಯೆಂದು ಡಂಗುರ ಹೊಡೆಯುವವನು ಮೂರ್ಖ. ಆದರೆ ಗುಟ್ಟಿನಲ್ಲಿ ಎರಡು ಬಗೆಯಿದೆ: ಬೀಗದ ಗುಟ್ಟು ಒಂದು, ಹೊಣೆಯ ಗುಟ್ಟು ಇನ್ನೊಂದು. ಯಾವ ಯಂತ್ರಕ್ಕೆ ಯಾವ ಕಾವಲು ಎಂಬುದು ಬೀಗದ ಗುಟ್ಟು, ಅದು ಒಳಗಿರಲಿ. ವ್ಯವಸ್ಥೆ ಮೂರು ದಿನ ನಿಂತರೆ ಹಡಗಲಿಯ ವಿದ್ಯಾರ್ಥಿನಿಯ ಅರ್ಜಿಯ ಕೊನೆಯ ದಿನಾಂಕ ತಾನಾಗಿ ಮುಂದಕ್ಕೆ ಹೋಗುವುದೇ? ಕೂಡ್ಲಿಗಿಯ ರೈತನ ಬೆಳೆಸಾಲದ ಕಾಗದವನ್ನು ತಾತ್ಕಾಲಿಕವಾಗಿ ಕೈಬರಹದಲ್ಲಿ ಕೊಡುವ ಅಧಿಕಾರ ಯಾರಿಗಿದೆ? ಮಾಹಿತಿ ಸೋರಿದರೆ ನಮಗೆ ಯಾವಾಗ ತಿಳಿಸುವಿರಿ? ಇವು ಹೊಣೆಯ ಪ್ರಶ್ನೆಗಳು. ಇವಕ್ಕೆ ಉತ್ತರ ಹೇಳಿದರೆ ಯಾವ ಕಳ್ಳನಿಗೂ ಉಪಕಾರವಾಗದು. ಆರು ಗಂಟೆಗಳ ವರದಿ ದಿಲ್ಲಿಗೆ ಹೋಗುತ್ತದೆ, ಹಗರಿಬೊಮ್ಮನಹಳ್ಳಿಗೆ ಬರುವುದಿಲ್ಲ. ಮಾಹಿತಿ ಸೋರಿದರೆ ಸಂಬಂಧಪಟ್ಟವರಿಗೆ ತಿಳಿಸಬೇಕೆಂದು ವಿಧಿಸುವ ೨೦೨೩ರ ಕಾಯಿದೆಯ ನಿಯಮಗಳು ೨೦೨೫ರ ನವೆಂಬರಿನಲ್ಲಷ್ಟೇ ಹೊರಬಿದ್ದು ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಟ್ಟಿವೆ. ಅದೂ ಸೋರಿಕೆಯ ಮಾತು. ಕಾವೇರಿಯಂತೆ ಬಾಗಿಲೇ ಮುಚ್ಚಿಹೋದಾಗ ಏನೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಕೈಬರಹಕ್ಕೆ ಮರಳುವುದು ಅವಮಾನವೇನೂ ಅಲ್ಲ. ೨೦೨೨ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಗಣಕವ್ಯವಸ್ಥೆ ದಾಳಿಗೆ ತುತ್ತಾದಾಗ ದೇಶದ ಆ ಹಿರಿಯ ಆಸ್ಪತ್ರೆ ಅನೇಕ ದಿನ ಕಾಗದ ಲೇಖನಿಗಳಿಂದಲೇ ರೋಗಿಗಳನ್ನು ನೋಡಿಕೊಂಡಿತು. ಬೇಕಾದುದು, ಆ ಕಾಗದದ ದಾರಿ ಯಾವುದೆಂಬುದು ದಾಳಿಗೆ ಮೊದಲೇ ಗುಮಾಸ್ತನಿಗೂ ಗಿರಾಕಿಗೂ ಗೊತ್ತಿರುವುದು.

ಹೇಳಿದರೆ ಜನ ಗಾಬರಿಗೊಳ್ಳುತ್ತಾರೆಂಬುದು ಅಧಿಕಾರಿಗಳ ಹಳೆಯ ವಾದ. ಯೂರೋಪಿನ ಪುಟ್ಟ ದೇಶ ಎಸ್ಟೋನಿಯದ ಅನುಭವ ಇದಕ್ಕೆ ವ್ಯತಿರಿಕ್ತವಾಗಿದೆ. ೨೦೦೭ರಲ್ಲಿ ಭಾರಿ ಸೈಬರ್ ದಾಳಿಗೆ ಸಿಕ್ಕಿ ಪಾಠ ಕಲಿತ ದೇಶ ಅದು. ೨೦೧೭ರಲ್ಲಿ ತನ್ನ ಸುಮಾರು ಏಳೂವರೆ ಲಕ್ಷ ಗುರುತಿನ ಚೀಟಿಗಳಲ್ಲಿ ದೋಷವಿದೆಯೆಂದು ತಿಳಿದಾಗ, ದುರುಪಯೋಗದ ಒಂದು ಪ್ರಕರಣವೂ ಗೊತ್ತಾಗಿರದಿದ್ದರೂ, ಸೆಪ್ಟೆಂಬರಿನಲ್ಲಿ ಅಲ್ಲಿಯ ಸರಕಾರ ಅದನ್ನು ಬಹಿರಂಗವಾಗಿ ಸಾರಿತು. ಮರುತಿಂಗಳೇ ಸ್ಥಳೀಯ ಚುನಾವಣೆ. ಮತ ಹಾಕಿದವರಲ್ಲಿ ನೂರಕ್ಕೆ ೩೧ಕ್ಕಿಂತ ಹೆಚ್ಚು ಮಂದಿ ಗಣಕಯಂತ್ರದ ಮೂಲಕವೇ ಹಾಕಿದರು. ಅಂಥ ಚುನಾವಣೆಗಳಲ್ಲಿ ಅಲ್ಲಿಯವರೆಗೆ ಕಂಡ ಅತಿ ಹೆಚ್ಚಿನ ಪಾಲು ಅದು. ಹುಳುಕನ್ನು ತಾನೇ ಹೇಳಿಕೊಂಡವನ ಮಾತಿಗೆ ಬೆಲೆ ಬರುತ್ತದೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಸೀಮೆ ಬರಗಾಲದ ಸೀಮೆ. ೨೦೨೩ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ ಆ ಘೋಷಣೆಯನ್ನು ಇಲ್ಲಿ ಯಾರೂ ಅನುಮಾನಿಸಲಿಲ್ಲ. ಪರಿಹಾರ ಸಾಲದೆಂದರು, ತಡವಾಯಿತೆಂದರು, ಬರವೇ ಸುಳ್ಳೆನ್ನಲಿಲ್ಲ. ಏಕೆಂದರೆ ಸರಕಾರದ ಮಾತನ್ನು ಒರೆಹಚ್ಚಲು ತಲೆಯ ಮೇಲೆ ಆಕಾಶವಿತ್ತು, ಕಾಲಡಿಯಲ್ಲಿ ಒಣಗಿದ ಜೋಳದ ಹೊಲವಿತ್ತು. ಸೈಬರ್ ದಾಳಿಗೆ ಅಂಥ ಆಕಾಶವಿಲ್ಲ. ಅಲ್ಲಿ ಜನರಿಗೆ ಕಾಣುವುದು ಸರಕಾರದ ಮಾತೊಂದೇ. ಆದ್ದರಿಂದ ಆ ಮಾತು ಬರದ ಘೋಷಣೆಗಿಂತ ಹತ್ತು ಪಾಲು ನಿಚ್ಚಳವಾಗಿರಬೇಕು.

ಹಡಗಲಿ ತಾಲೂಕಿನ ಮೈಲಾರದಲ್ಲಿ ವರ್ಷವರ್ಷವೂ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಆ ಜನಸಮುದ್ರ ತಟ್ಟನೆ ಮೌನವಾಗುತ್ತದೆ. ಅವನು ನುಡಿಯುವ ಕಾರ್ಣಿಕ ಒಂದೇ ವಾಕ್ಯದ್ದು, ಒಗಟಿನಂಥದ್ದು. ಮಳೆಗೆ ಹೊಂದಿಸುವವರುಂಟು, ರಾಜಕೀಯಕ್ಕೆ ಹೊಂದಿಸುವವರುಂಟು. ಅರ್ಥ ಮಾಡಿಕೊಳ್ಳುವ ಸ್ವಾತಂತ್ರ್ಯ ಕೇಳಿದವರಿಗೆ ಬಿಟ್ಟದ್ದು. ಕಾರ್ಣಿಕದ ಸೊಗಸೂ ಅದೇ. ದೈವವಾಣಿಗೆ ಒಗಟು ಭೂಷಣ. ಆದರೆ ಸರಕಾರದ ಪ್ರಕಟಣೆ ಕಾರ್ಣಿಕದ ಶೈಲಿಯನ್ನು ಅನುಸರಿಸಬಾರದು. ‘ತಾಂತ್ರಿಕ ಕಾರಣಗಳಿಂದ ಸೇವೆ ಲಭ್ಯವಿರುವುದಿಲ್ಲ’ ಎಂಬ ವಾಕ್ಯ ಒಗಟಾಗಿರುವುದರಲ್ಲಿ ಕಾರ್ಣಿಕವನ್ನು ಹೋಲುತ್ತದೆ. ಕೇಳಿದವರು ಮೌನವಾಗಿ ನಿಲ್ಲುವಂಥ ಗೌರವ ಮಾತ್ರ ಅದಕ್ಕಿಲ್ಲ.

ನನ್ನ ವಿದ್ಯಾರ್ಥಿಗಳಿಗೆ ಪ್ರಬಂಧ ಬರೆಯುವುದನ್ನು ಕಲಿಸುವಾಗ ನಾನು ಹೇಳುವುದನ್ನೇ ಇಲ್ಲಿಯೂ ಹೇಳಬಯಸುತ್ತೇನೆ: ಏನಾಯಿತೆಂದು ಮೊದಲು ಬರೆಯಿರಿ. ಸರಕಾರದ ಪ್ರಕಟಣೆಗೆ ನಾಲ್ಕು ವಾಕ್ಯ ಸಾಕು. ಏನಾಗಿದೆ, ಎಂದಿನಿಂದ, ನಿಮ್ಮ ಯಾವ ದಾಖಲೆಗೆ ಧಕ್ಕೆಯಾಗಿದೆ, ಯಾವುದಕ್ಕೆ ಆಗಿಲ್ಲ, ಸರಿಹೋಗುವವರೆಗೆ ಯಾವ ಕಚೇರಿಯಲ್ಲಿ ಯಾವ ಕಾಗದದಿಂದ ಕೆಲಸ ನಡೆಯುತ್ತದೆ, ಮುಂದಿನ ಸುದ್ದಿಯನ್ನು ಯಾವಾಗ ತಿಳಿಸುತ್ತೇವೆ. ಇದನ್ನು ಸರಿಯಾದ ಕನ್ನಡದಲ್ಲಿ ಬರೆದು ಪ್ರತಿಯೊಂದು ನಾಡಕಚೇರಿಯ ಬಾಗಿಲಿಗೆ ಅಂಟಿಸಬೇಕಾದರೆ, ಅದಕ್ಕೆ ಮೊದಲು ಆ ನಾಲ್ಕು ವಾಕ್ಯಗಳ ಹಿಂದಿನ ಕೆಲಸ ಆಗಿರಲೇಬೇಕು. ಹೇಳಲು ಏನೂ ಇಲ್ಲದವನು ಸ್ಪಷ್ಟವಾಗಿ ಬರೆಯಲಾರ. ಸಿದ್ಧತೆ ಮತ್ತು ನಂಬಿಕೆ ಒಂದೇ ಪ್ರಶ್ನೆಯೆಂದು ನಾನು ಆರಂಭದಲ್ಲಿ ಹೇಳಿದ್ದು ಇದೇ ಅರ್ಥದಲ್ಲಿ.

ನೀತಿಯ ಎರಡನೆಯ ಭಾಗದಲ್ಲಿ ಬೀಗಗಳ ಅಧ್ಯಾಯವನ್ನು ಸರಕಾರ ತನ್ನ ಬಳಿಯೇ ಇಟ್ಟುಕೊಳ್ಳಲಿ. ಹೊಣೆಯ ಅಧ್ಯಾಯವೊಂದಿದ್ದರೆ ಅದನ್ನು ಅಚ್ಚುಹಾಕಿಸಿ ಐದೂ ತಾಲೂಕುಗಳ ಕಚೇರಿಗಳಿಗೆ ಕಳುಹಿಸಲಿ. ಇಲ್ಲದಿದ್ದರೆ, ಮುಂದಿನ ದಾಳಿ ಬರುವುದರೊಳಗೆ ಅದನ್ನು ಬರೆಯಲಿ.