ಕೇಳುವ ಕೃತಿ ಕಾಣುವಾಗ: ‘ಟಾಮಿ’ಯೂ ವಾಲಿಯ ಪ್ರಸಂಗವೂ

1969ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ‘ದಿ ಹೂ’ ತಂಡವು ‘ಟಾಮಿ’ ಎಂಬ ಜೋಡಿ ಧ್ವನಿಮುದ್ರಿಕೆಯನ್ನು ಹೊರತಂದಿತು. ರಾಕ್ ಒಪೆರಾ ಎಂಬ ಹೆಸರು ಜನಜನಿತವಾದುದು ಬಹುಮಟ್ಟಿಗೆ ಇದರಿಂದಲೇ. ಪೀಟ್ ಟೌನ್ಶೆಂಡ್ ಪ್ರಧಾನವಾಗಿ ರಚಿಸಿದ ಈ ಕೃತಿಯಲ್ಲಿ ಕತೆ ಹಾಡುಗಳ ಸರಣಿಯಾಗಿ ಮಾತ್ರ ಸಾಗುತ್ತದೆ. ಯುದ್ಧದಲ್ಲಿ ಮಡಿದನೆಂದು ನಂಬಲಾದ ತಂದೆ ಮನೆಗೆ ಮರಳುತ್ತಾನೆ, ತಾಯಿಯೊಡನೆ ಮತ್ತೊಬ್ಬನಿದ್ದಾನೆ, ಒಂದು ಕೊಲೆ ನಡೆಯುತ್ತದೆ, ಕಂಡ ಮಗು ಕಣ್ಣು, ಕಿವಿ, ಬಾಯಿ ಮೂರನ್ನೂ ಮುಚ್ಚಿಕೊಳ್ಳುತ್ತದೆ. ಕೊಂದವನಾರು, ಸತ್ತವನಾರು ಎಂಬುದನ್ನು ಹಾಡು ಬಿಡಿಸಿ ಹೇಳುವುದಿಲ್ಲ. ಕೇಳುಗನು ಆ ಮಸುಕಿನೊಂದಿಗೇ ಮುಂದುವರಿಯಬಲ್ಲ. ಕ್ಯಾಮರಾಕ್ಕೆ ಆ ಸೌಕರ್ಯವಿಲ್ಲ. 1975ರ ಕೆನ್ ರಸೆಲ್ ಚಿತ್ರದಲ್ಲಿ ಪ್ರಿಯಕರನು ತಂದೆಯನ್ನು ಕೊಲ್ಲುತ್ತಾನೆ. 1993ರ ಬ್ರಾಡ್‌ವೇ ಪ್ರಯೋಗದಲ್ಲಿ ತಂದೆಯೇ ಪ್ರಿಯಕರನನ್ನು ಕೊಲ್ಲುತ್ತಾನೆ. ಮುದ್ರಿಕೆಯಲ್ಲಿ ‘1921’ ಎಂಬ ಹೆಸರಿದ್ದ ಹಾಡು ಚಿತ್ರದಲ್ಲಿ ‘1951’ ಆಗಿ, ಯುದ್ಧವೇ ಬದಲಾಯಿತು.

ಹಾಡು ಬಿಟ್ಟ ಜಾಗವನ್ನು ತುಂಬುವವರಾರು ಎಂಬ ಈ ಪ್ರಶ್ನೆ ಕುಂಬಳೆ ಸೀಮೆಯ ಯಕ್ಷಗಾನಾಸಕ್ತರಿಗೆ ಅಪರಿಚಿತವಲ್ಲ. ಪಾರ್ತಿಸುಬ್ಬನ ಪ್ರಸಂಗಗಳೆಂದರೆ ಮುಖ್ಯವಾಗಿ ಹಾಡುಗಳು. ಪಾತ್ರಗಳ ಮಾತು ಬರೆಹದಲ್ಲಿಲ್ಲ. ಅದೇ ಪದ್ಯಗಳು ತಾಳಮದ್ದಳೆಯಲ್ಲಿ ಕಿವಿಗೂ ಆಟದಲ್ಲಿ ಕಣ್ಣಿಗೂ ಒದಗುತ್ತವೆ. ವಾಲಿಯ ಪ್ರಸಂಗದಲ್ಲಿ ಈ ಭೇದ ಎದ್ದು ಕಾಣುತ್ತದೆ. ಆಟದಲ್ಲಿ ಅಬ್ಬರದ ಪ್ರವೇಶ, ಕುಣಿತ, ಸುಗ್ರೀವನೊಡನೆ ಕಾಳಗ ಎಲ್ಲ ಮುಗಿದ ಮೇಲೆ ಬಾಣ ತಗಲುತ್ತದೆ. ಮರೆಯಲ್ಲಿ ನಿಂತ ರಾಮನನ್ನು ಪ್ರೇಕ್ಷಕನು ಆಗಲೇ ಕಿರೀಟ ಸಮೇತ ನೋಡಿಯಾಗಿದೆ. ವೇಷದ ಘನತೆಯೇ ಅರ್ಧ ಉತ್ತರ ಕೊಟ್ಟಿರುತ್ತದೆ. ತಾಳಮದ್ದಳೆಯಲ್ಲಿ ಎದುರು ಕುಳಿತವರು ಶಲ್ಯ ಹೊದ್ದ ಗೃಹಸ್ಥರು. ಅವರು ರಾಮರಾಗಬೇಕಾದದ್ದು ವಾದದಿಂದ ಮಾತ್ರ. ನೆಟ್ಟಗೆ ಕುಳಿತ ಅರ್ಥಧಾರಿಯೊಬ್ಬರು ನೆಲಕ್ಕೊರಗಿ ಸಾಯುತ್ತಿರುವವನ ಮಾತಾಡುತ್ತಾರೆಂಬ ವಿಚಿತ್ರವನ್ನು ಯಾರೂ ಗಮನಿಸುವುದೇ ಇಲ್ಲ. ಮರೆಯಿಂದ ಹೊಡೆದದ್ದು ಧರ್ಮವೇ ಎಂಬ ಪ್ರಶ್ನೆ ಅಲ್ಲಿ ಕತೆಯ ಒಂದು ತಿರುವಾಗಿ ಉಳಿಯದೆ ಇಡೀ ಕೃತಿಯೇ ಆಗಿಬಿಡುತ್ತದೆ.

ರಸೆಲ್ ತುಂಬಿದ್ದು ಒಮ್ಮೆಗೇ ಸ್ಥಿರವಾಯಿತು. ಅರ್ಥಧಾರಿ ತುಂಬುವುದು ಆ ರಾತ್ರಿಗೆ ಮಾತ್ರ. ಮರುದಿನದ ರಾಮ ಬೇರೆ ಯುಕ್ತಿ ತಂದರೆ ವಾಲಿಯೂ ಬೇರೆಯಾಗಬೇಕು. ಈ ಸ್ವಾತಂತ್ರ್ಯಕ್ಕೆ ಮೊದಲ ತಡೆ ಒಡ್ಡಿದ್ದು ಕ್ಯಾಸೆಟ್ಟು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಮನೆಮನೆಯಲ್ಲಿ ಮತ್ತೆ ಮತ್ತೆ ಕೇಳಿಬಂದಾಗ, ಆ ಹೊತ್ತಿನಲ್ಲಿ ಹುಟ್ಟಿದ ಮಾತು ಕಿರಿಯರಿಗೆ ಪಾಠವಾಯಿತು. ಲಾಭವಿಲ್ಲವೆನ್ನಲಾಗದು. ಆದರೆ ಶೇಣಿಯವರ ವಾದವನ್ನು ಒಪ್ಪಿಸುವವನು ಶೇಣಿಯವರ ಪರಂಪರೆಯವನಾಗಲಾರ. ಎದುರಾಳಿಯ ಮಾತಿಗೆ ಅಲ್ಲೇ ಉತ್ತರ ಕಟ್ಟುವುದು ಆ ಪರಂಪರೆಯ ಜೀವ.

ತೆರೆಯ ಸಮಸ್ಯೆ ಇದಕ್ಕಿಂತ ತೀವ್ರ. ಕಾಲಮಿತಿ ಪ್ರಯೋಗದಲ್ಲಾಗಲಿ ದೃಶ್ಯತುಣುಕಿನಲ್ಲಾಗಲಿ ಪ್ರವೇಶ, ಧೀಂಗಿಣ, ಯುದ್ಧ ಉಳಿಯುತ್ತವೆ. ಕತ್ತರಿ ಬೀಳುವುದು ಮಾತಿಗೆ. ‘ಟಾಮಿ’ಯಲ್ಲಿ ಕತ್ತರಿಸಲು ಮಾತೇ ಇರಲಿಲ್ಲ, ಇಲ್ಲಿ ಮಾತೇ ಕೃತಿ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಇದನ್ನು ಕೇವಲ ಕಲೆಯ ನಷ್ಟವೆಂದು ಬರೆದಿಡಲಾಗದು. ತುಳು, ಮಲಯಾಳ, ಕೊಂಕಣಿ, ಹವ್ಯಕ ಕನ್ನಡ ಮನೆಮಾತಾದವರು ಒಂದೇ ಚಪ್ಪರದಡಿ ಕುಳಿತು ಗಂಟೆಗಟ್ಟಲೆ ಗ್ರಂಥಸ್ಥ ಕನ್ನಡದಲ್ಲಿ ತರ್ಕವನ್ನು ಕೇಳುವ ಸಂದರ್ಭಗಳು ಶಾಲೆ, ಕಚೇರಿಗಳ ಆಚೆ ಇಲ್ಲಿ ಎಷ್ಟಿವೆ? ಬರೆದಿಡದ ಈ ಕನ್ನಡಕ್ಕೆ ಇರುವ ದಾಖಲೆಯೆಂದರೆ ಧ್ವನಿಮುದ್ರಣ ಒಂದೇ.

ಆದುದರಿಂದ ರೂಪಾಂತರದ ಯೋಗ್ಯತೆಯನ್ನು ಛಾಯಾಗ್ರಹಣದಿಂದ ಅಳೆಯುವ ರೂಢಿ ಇಲ್ಲಿ ಸಲ್ಲದು. ಒಂದೇ ಕಡೆ ನಿಲ್ಲಿಸಿದ ಕ್ಯಾಮರಾದಿಂದ ಮೂರು ಗಂಟೆ ತೆಗೆದ, ಸಂಕಲನವಿಲ್ಲದ ತಾಳಮದ್ದಳೆಯ ಮುದ್ರಿಕೆಯಲ್ಲಿ ನೋಡಲು ಏನೂ ಇಲ್ಲ: ಒಂದಿಷ್ಟು ಶಲ್ಯಗಳು, ಮೈಕುಗಳು, ನಡುವೆ ಯಾರೋ ತಂದಿಟ್ಟ ಚಹಾದ ಲೋಟ. ಆದರೆ ವಾಲಿ ಕೇಳಿದ ಪ್ರಶ್ನೆಗೆ ರಾಮನು ತಡಕಾಡುವ ಆ ಅರೆಗಳಿಗೆಯ ಮೌನ ಅದರಲ್ಲಿ ಹಾಗೆಯೇ ಇದೆ.